ಗ್ಯಾಸ್ ಟ್ಯಾಂಕ್ ಬಂತು, ಸ್ಟೆಪ್ನಿ ಮನೆ ಸೇರಿತು: ಈಗ ಪಂಕ್ಚರ್ ಆದರೆ?

ಪ್ರಶ್ನೆ: ನನ್ನದು 2014ರ ಹ್ಯಾಚ್‌ಬ್ಯಾಕ್ ಕಾರು. ಹೋದ ವರ್ಷ ಎಲ್‌ಪಿಜಿ ಕಿಟ್ ಹಾಕಿಸಿದೆ. ಸ್ಟೆಪ್ನಿ ಇಡುವ ಗುಂಡಿಯಲ್ಲಿ ಈಗ ಉದ್ದಿನವಡೆ ಆಕಾರದ ಟ್ಯಾಂಕ್ ಕೂತಿದೆ. ಸ್ಟೆಪ್ನಿಯನ್ನು ಡಿಕ್ಕಿಯಲ್ಲಿ ಇಟ್ಟರೆ ಲಗೇಜಿಗೆ ಜಾಗವಿಲ್ಲ ಅಂತ ಮನೆಯಲ್ಲೇ ಬಿಟ್ಟಿದ್ದೇನೆ. ಊರೊಳಗೆ ಇಷ್ಟು ದಿನ ತೊಂದರೆ ಆಗಿಲ್ಲ. ಮುಂದಿನ ತಿಂಗಳು ಮನೆಯವರ ಜೊತೆ ಶೃಂಗೇರಿ, ಹೊರನಾಡು ಕಡೆ ಹೋಗಬೇಕು. ಸ್ಟೆಪ್ನಿ ಇಲ್ಲದೆ ಹೋಗಬಹುದಾ? ತೂತು ಮುಚ್ಚುವ ಪಂಕ್ಚರ್ ಸೀಲೆಂಟ್ ಬಾಟಲಿ ಒಂದಿದ್ದರೆ ಸಾಕಾಗುತ್ತದಾ? (ಓದುಗರು, ವಿಜಯನಗರ, ಬೆಂಗಳೂರು)

ಉತ್ತರ: ಊರೊಳಗೆ ಸ್ಟೆಪ್ನಿ ಇಲ್ಲದೆಯೂ ನಡೆಯುತ್ತದೆ. ಹೊರನಾಡಿಗೆ ಹೊರಟಾಗ ಮಾತ್ರ ತೆಗೆದುಕೊಂಡೇ ಹೋಗಿ, ಎರಡು ಬ್ಯಾಗ್ ಮನೆಯಲ್ಲಿ ಉಳಿದರೂ ಪರವಾಗಿಲ್ಲ. ಬಾಟಲಿಯೊಂದನ್ನೇ ನಂಬಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ನನ್ನದೇ ಪೆದ್ದುತನ. ಗ್ಯಾಸ್ ಕಿಟ್ ಕೂರಿಸುವ ಕೆಲಸದಲ್ಲಿ ಬಹಳ ವರ್ಷ ಇದ್ದವನು ನಾನು. ಸ್ವಂತ ಕಾರಿಗೂ ನಿಮ್ಮ ಥರದ್ದೇ ಟ್ಯಾಂಕ್ ಹಾಕಿದ್ದೆ. ಒಂದು ರಾತ್ರಿ ತುಮಕೂರು ರಸ್ತೆಯಲ್ಲಿ, ನೆಲಮಂಗಲ ದಾಟಿದ ಮೇಲೆ, ಗುಂಡಿಗೆ ಬಿದ್ದು ಟೈರಿನ ಪಕ್ಕೆ ಹರಿಯಿತು. ತಮ್ಮನಿಗೆ ಫೋನ್ ಮಾಡಿದೆ. ಪಾಪ, ಸ್ಟೆಪ್ನಿಯನ್ನು ಆಟೋದಲ್ಲಿ ಹಾಕಿಕೊಂಡು ಬಂದೇಬಿಟ್ಟ. ಆಮೇಲೆ ನೋಡಿದರೆ ಜಾಕಿಯೂ ಇಲ್ಲ, ವೀಲ್ ಸ್ಪ್ಯಾನರೂ ಇಲ್ಲ. ಸ್ಟೆಪ್ನಿ ತೆಗೆದ ದಿನ ಅದರ ಜೊತೆಗಿದ್ದ ಸಾಮಾನನ್ನೆಲ್ಲ ಒಂದೇ ಚೀಲಕ್ಕೆ ತುಂಬಿ ಅಟ್ಟಕ್ಕೆ ಏರಿಸಿದ್ದೆ! ಆಟೋ ಚಾಲಕರು ನಕ್ಕಿದ್ದು ಇನ್ನೂ ನೆನಪಿದೆ. ಗ್ಯಾರೇಜಿಗೆ ಬರುವ ಗ್ಯಾಸ್ ಕಾರುಗಳಲ್ಲಿ ನಾನು ಮೊದಲು ಹುಡುಕುವುದೇ ಇದನ್ನು. ಸ್ಟೆಪ್ನಿ ಮನೆಯಲ್ಲಿರಲಿ, ಜಾಕಿ, ಹ್ಯಾಂಡಲ್, ಸ್ಪ್ಯಾನರ್ ಮಾತ್ರ ಕಾರಿನಲ್ಲೇ ಇರಬೇಕು. ಟ್ಯಾಂಕ್ ಪಕ್ಕದ ಮೂಲೆಯಲ್ಲೋ ಮುಂದಿನ ಸೀಟಿನ ಕೆಳಗೋ ಹಿಡಿಸುತ್ತವೆ. ಹಳೇ ಬಟ್ಟೆಯಲ್ಲಿ ಸುತ್ತಿಡಿ, ಇಲ್ಲದಿದ್ದರೆ ಗಡಗಡ ಸದ್ದು ತಲೆ ತಿನ್ನುತ್ತದೆ.

ಸಿಎನ್‌ಜಿ ಹಾಕಿಸಿದವರ ಪಾಡು ಇನ್ನೊಂದು ಥರ. ಅವರ ಸಿಲಿಂಡರ್ ಡಿಕ್ಕಿಯಲ್ಲಿ ಅಡ್ಡಡ್ಡ ಮಲಗಿರುತ್ತದೆ. ಸ್ಟೆಪ್ನಿ ಕೆಳಗಿನ ಗುಂಡಿಯಲ್ಲೇ ಇರುತ್ತದೆ, ಆದರೆ ಎಷ್ಟೋ ಕಾರುಗಳಲ್ಲಿ ಸಿಲಿಂಡರಿನ ಸ್ಟ್ಯಾಂಡ್ ಬಿಚ್ಚದೆ ಮುಚ್ಚಳ ಮೇಲೇಳುವುದಿಲ್ಲ. ಅದು ಇದ್ದೂ ಇಲ್ಲದ ಸ್ಟೆಪ್ನಿ. 200 ಬಾರ್ ಒತ್ತಡದ ಸಿಲಿಂಡರನ್ನು ರಸ್ತೆ ಬದಿಯಲ್ಲಿ ಯಾರೂ ಬಿಚ್ಚಬಾರದು. ಹಾಗಿರುವವರು ಒಂದು ಸಲ ಗ್ಯಾಸ್ ಕಿಟ್‌ನವರ ಹತ್ತಿರವೇ ಹೋಗಿ ಸ್ಟೆಪ್ನಿಯನ್ನು ಹೊರಗೆ ತೆಗೆಸಿಕೊಳ್ಳಿ.

ಸ್ಟೆಪ್ನಿ ಅನ್ನುವ ಹೆಸರು ಎಲ್ಲಿಂದ ಬಂತು ಗೊತ್ತಾ? ವೇಲ್ಸ್‌ನ ಲ್ಯಾನೆಲಿ ಎಂಬ ಊರಿನ ಒಂದು ಬೀದಿಯ ಹೆಸರದು. ಅಲ್ಲಿನ ಡೇವಿಸ್ ಸೋದರರು 1904ರಲ್ಲಿ ಪಂಕ್ಚರ್ ಆದ ಚಕ್ರದ ಪಕ್ಕಕ್ಕೆ ಬಿಗಿದುಕೊಳ್ಳುವ ಇನ್ನೊಂದು ರಿಮ್ಮು ಮಾಡಿ ಮಾರಿದರು. ಅದಕ್ಕೂ ಮೊದಲು ಕಾರುಗಳಲ್ಲಿ ಬದಲಿ ಚಕ್ರವೇ ಇರುತ್ತಿರಲಿಲ್ಲ, ಚಾಲಕರು ದಾರಿಯಲ್ಲೇ ಕೂತು ಟ್ಯೂಬಿಗೆ ಪ್ಯಾಚ್ ಹಾಕುತ್ತಿದ್ದರು. ಈಗ ನಾವು ಮತ್ತೆ ಅಲ್ಲಿಗೇ ಬಂದಿದ್ದೇವೆ. ನಮ್ಮ ಸರ್ಕಾರವೂ 2020ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿತು. ಟ್ಯೂಬ್‌ಲೆಸ್ ಟೈರು, ಗಾಳಿ ಇಳಿದರೆ ಚಾಲಕನಿಗೆ ತಿಳಿಸುವ ಟಿಪಿಎಂಎಸ್ ಮತ್ತು ಪಂಕ್ಚರ್ ರಿಪೇರಿ ಕಿಟ್ ಇದ್ದರೆ ಕಾರುಗಳಿಗೆ ಸ್ಟೆಪ್ನಿ ಬೇಕಿಲ್ಲ ಎಂದಿತು. ಅಂದರೆ ಸ್ಟೆಪ್ನಿ ಬಿಡುವವರು ಅದರ ಜಾಗಕ್ಕೆ ಈ ಮೂರನ್ನು ತರಬೇಕು. ನಿಮ್ಮ ಕಾರಿನಲ್ಲಿ ಸ್ಟೆಪ್ನಿ ಹೋಯಿತು, ಆದರೆ ಅದರ ಬದಲಿಗೆ ಬರಬೇಕಾದದ್ದು ಬಂದಿಲ್ಲ ಅಂತ ನನ್ನ ಅನುಮಾನ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ಒಮ್ಮೆಗೇ ಹೋಗುವುದು ಅಪರೂಪ. ಮೊಳೆಯೇ ತೂತಿಗೆ ಬಿರಡೆಯ ಹಾಗೆ ಕೂತಿರುತ್ತದೆ. ಗಂಟೆಗಟ್ಟಲೆ, ಕೆಲವು ಸಲ ದಿನಗಟ್ಟಲೆ, ನಿಧಾನವಾಗಿ ಇಳಿಯುತ್ತದೆ. ಗೊತ್ತಾಗದೆ ಓಡಿಸುತ್ತಲೇ ಇದ್ದರೆ ಟೈರಿನ ಪಕ್ಕೆ ಮಡಚಿ, ಬಿಸಿಯಾಗಿ, ಒಳಗಿನ ದಾರ ಪುಡಿಯಾಗುತ್ತದೆ. ಆಗ ಬರೀ ಪಂಕ್ಚರ್ ಆಗಿದ್ದದ್ದು ಟೈರ್ ಬದಲಿಸುವ ಕೆಲಸ ಆಗುತ್ತದೆ. ಗುಂಡಿಗೆ ಬಿದ್ದು ಪಕ್ಕೆ ಹರಿಯುವುದಕ್ಕೂ ಬಹಳ ಸಲ ಗಾಳಿ ಕಡಿಮೆ ಇದ್ದದ್ದೇ ಕಾರಣ. ಹಾಗಾಗಿ ಸ್ಟೆಪ್ನಿ ಇಲ್ಲದವರ ಮುಖ್ಯ ಕೆಲಸ ಪಂಕ್ಚರ್ ಹಾಕುವುದಲ್ಲ, ಪಂಕ್ಚರನ್ನು ಬೇಗ ಹಿಡಿಯುವುದು.

ಅದಕ್ಕೆ ಟಿಪಿಎಂಎಸ್ ಹಾಕಿಸಿ. ವಾಲ್ವ್ ಮುಚ್ಚಳದ ಜಾಗಕ್ಕೆ ತಿರುಗಿಸಿ ಹಾಕುವ ನಾಲ್ಕು ಸೆನ್ಸರ್, ಡ್ಯಾಶ್‌ಬೋರ್ಡಿನ ಮೇಲೆ ಒಂದು ಪುಟ್ಟ ಪರದೆ. ಎಸ್.ಜೆ.ಪಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲೂ ಸಿಗುತ್ತದೆ, ಆನ್‌ಲೈನ್‌ನಲ್ಲೂ ಸಿಗುತ್ತದೆ. ಹಾಕುವ ಮೊದಲು ಹಳೇ ರಬ್ಬರ್ ವಾಲ್ವ್‌ಗಳನ್ನು ಬದಲಿಸಿಕೊಳ್ಳಿ. ಹತ್ತು ವರ್ಷದ ವಾಲ್ವ್ ಸೆನ್ಸರಿನ ತೂಕಕ್ಕೆ ಬುಡದಲ್ಲಿ ಬಿರುಕು ಬಿಟ್ಟರೆ ಅದೇ ಒಂದು ಪಂಕ್ಚರ್. ಗ್ಯಾಸ್ ಕಿಟ್‌ಗೆ ಹತ್ತಾರು ಸಾವಿರ ಕೊಟ್ಟವರು ಇದಕ್ಕೆ ಎರಡು ಮೂರು ಸಾವಿರ ಕೊಡಲು ಹಿಂದೆಮುಂದೆ ನೋಡುವುದು ನನಗೆ ಅರ್ಥವಾಗಿಲ್ಲ.

ಬೆಂಗಳೂರಲ್ಲಂತೂ ಇದು ಬೇಕೇ ಬೇಕು. ಕೆಲವು ವರ್ಷಗಳ ಹಿಂದೆ ಒಬ್ಬ ಎಂಜಿನಿಯರ್ ಆಫೀಸಿಗೆ ಹೋಗುವಾಗ ಔಟರ್ ರಿಂಗ್ ರೋಡಿನಲ್ಲಿ ಮ್ಯಾಗ್ನೆಟ್ ಹಿಡಿದು ಮೊಳೆ ಹೆಕ್ಕಿ, ಕಿಲೋಗಟ್ಟಲೆ ಕೂಡಿಹಾಕಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಅಷ್ಟು ಮೊಳೆ ರಸ್ತೆಗೆ ತಾನಾಗೇ ಉದುರುತ್ತಾ ಅನ್ನುವ ಪ್ರಶ್ನೆಯನ್ನು ನಿಮಗೇ ಬಿಡುತ್ತೇನೆ.

ಗಾಳಿ ಎಷ್ಟಿರಬೇಕು? ಇಲ್ಲೊಂದು ವಿಷಯ ಗ್ಯಾಸ್ ಕಾರಿನವರಿಗೆ ಯಾರೂ ಹೇಳುವುದಿಲ್ಲ. ಕಿಟ್ ಬಂದ ಮೇಲೆ ಕಾರಿನ ಹಿಂಭಾಗದ ತೂಕ ಜಾಸ್ತಿಯಾಗಿದೆ. ಎಲ್‌ಪಿಜಿ ಟ್ಯಾಂಕ್ ಗ್ಯಾಸ್ ತುಂಬಿದಾಗ, ತೆಗೆದಿಟ್ಟ ಸ್ಟೆಪ್ನಿಗಿಂತ ಎರಡು ಮೂರು ಪಟ್ಟು ತೂಗುತ್ತದೆ. 60 ಲೀಟರಿನ ಉಕ್ಕಿನ ಸಿಎನ್‌ಜಿ ಸಿಲಿಂಡರ್ ಆದರೆ ಖಾಲಿಯೇ 60 ಕೆ.ಜಿ. ಆಸುಪಾಸು, ಅಂದರೆ ಹಿಂದೆ ಯಾವಾಗಲೂ ಒಬ್ಬ ಪ್ರಯಾಣಿಕ ಕೂತ ಹಾಗೆ. ಚಾಲಕನ ಬಾಗಿಲಿನ ಕಂಬದ ಮೇಲೆ ಕಂಪನಿ ಅಂಟಿಸಿದ ಚೀಟಿಯಲ್ಲಿ ಫುಲ್ ಲೋಡಿಗೆ ಅಂತ ಬೇರೆ ಅಂಕಿ ಇರುತ್ತದಲ್ಲ, ಹಿಂದಿನ ಎರಡು ಟೈರಿಗೆ ಅದನ್ನೇ ಹಿಡಿಯಿರಿ. ಬೆಳಗ್ಗೆ ಗಾಡಿ ತೆಗೆಯುವ ಮೊದಲು, ಟೈರ್ ತಣ್ಣಗಿರುವಾಗ ನೋಡಬೇಕು. ಹೆದ್ದಾರಿಯಲ್ಲಿ ಓಡಿ ಬಿಸಿಯಾದ ಟೈರಿನಲ್ಲಿ ನಾಲ್ಕೈದು ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಜಾಸ್ತಿ ಕಾಣುವುದು ಸಹಜ. ಅದನ್ನು ನೋಡಿ ಬಂಕಿನಲ್ಲಿ ಗಾಳಿ ಬಿಡಿಸಬೇಡಿ.

ಟಿಪಿಎಂಎಸ್ ಆದ ಮೇಲೆ ಎರಡನೆಯದು ಗಾಳಿ ತುಂಬುವ ಪುಟ್ಟ ಕಂಪ್ರೆಸರ್, 12 ವೋಲ್ಟಿನದು. ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಿ, ಎಂಜಿನ್ ಆನ್ ಇಟ್ಟೇ ಓಡಿಸಿ. ಸೆನ್ಸರ್ ಕೂಗಿದ ತಕ್ಷಣ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಟೈರ್ ತಿರುಗಿಸಿ ನೋಡಿ. ಮೊಳೆ ಕಂಡರೆ ಕೀಳಬೇಡಿ. ಎಲ್ಲರೂ ಮಾಡುವ ತಪ್ಪು ಅದೇ. ಕಿತ್ತರೆ ಬಿರಡೆ ತೆಗೆದ ಹಾಗೆ. ಹಾಗೇ ಬಿಟ್ಟು 35 ಪಿಎಸ್‌ಐ ಗಾಳಿ ತುಂಬಿ. ಹತ್ತು ನಿಮಿಷ ಕಾಯಿರಿ, ಮತ್ತೆ ಅಳೆಯಿರಿ. 33ಕ್ಕೆ ಇಳಿದಿದ್ದರೆ ಹತ್ತು ನಿಮಿಷಕ್ಕೆ ಎರಡು ಅಂತಾಯಿತು. 25ಕ್ಕೆ ಬರಲು ಇನ್ನೂ ಮುಕ್ಕಾಲು ಗಂಟೆಗೆ ಹತ್ತಿರ ಟೈಮಿದೆ. ನಿಧಾನಕ್ಕೆ, 40ರ ವೇಗದಲ್ಲಿ ಹೋದರೂ ಇಪ್ಪತ್ತು ಕಿಲೋಮೀಟರಿನೊಳಗಿನ ಪಂಕ್ಚರ್ ಅಂಗಡಿ ಧೈರ್ಯವಾಗಿ ಸೇರಬಹುದು. ಮಧ್ಯೆ ಒಂದೆರಡು ಸಲ ನಿಲ್ಲಿಸಿ ನೋಡಿ. ಓಡುವಾಗ ತೂತು ಸ್ವಲ್ಪ ಬಾಯಿ ಬಿಡಬಹುದು. ಊರೊಳಗೆ ಹತ್ತರಲ್ಲಿ ಎಂಟು ಪಂಕ್ಚರ್ ಇಷ್ಟರಲ್ಲೇ ಮುಗಿಯುತ್ತವೆ ಅನ್ನುವುದು ನನ್ನ ಅನುಭವ. ಅಂಗಡಿ ಎಲ್ಲಾ ಕಡೆ ಇದೆಯಲ್ಲ.

ಹತ್ತು ನಿಮಿಷದಲ್ಲಿ ಹತ್ತು ಪಿಎಸ್‌ಐ ಇಳಿಯಿತಾ? ಆಗ ನೀವೇ ಪ್ಲಗ್ ಹಾಕಬೇಕು. ಪಂಕ್ಚರ್ ರಿಪೇರಿ ಕಿಟ್‌ನಲ್ಲಿ ಎರಡು ಸಲಕರಣೆ ಇರುತ್ತವೆ: ಅರದಂಥ ಒರಟು ಸೂಜಿ, ಮತ್ತು ಗೋಣಿ ಹೊಲಿಯುವ ದಬ್ಬಳದಂಥ, ಕಣ್ಣಿರುವ ಸೂಜಿ. ಜೊತೆಗೆ ಅಂಟಂಟಾದ ಕಂದು ಹುರಿ. ಇಕ್ಕಳದಿಂದ ಮೊಳೆ ಕೀಳುವಾಗ ಅದು ಯಾವ ಕಡೆಗೆ ವಾಲಿ ಕೂತಿತ್ತು ಅಂತ ಗಮನಿಸಿ, ಸೂಜಿ ಅದೇ ದಿಕ್ಕಿನಲ್ಲಿ ಹೋಗಬೇಕು. ಅರವನ್ನು ಇಪ್ಪತ್ತು ಸಲವಾದರೂ ಒಳಗೆ ಹೊರಗೆ ಆಡಿಸಿ. ರೇಡಿಯಲ್ ಟೈರಿನೊಳಗೆ ಉಕ್ಕಿನ ಎಳೆಗಳಿವೆ, ಅವುಗಳ ಚೂಪು ಹೋಗದಿದ್ದರೆ ನಾಳೆ ಹುರಿಯನ್ನೇ ಕುಯ್ಯುತ್ತವೆ. ಆಮೇಲೆ ಹುರಿಯನ್ನು ಸೂಜಿಯ ಕಣ್ಣಿಗೆ ನಡುವಿಗೆ ಪೋಣಿಸಿ ಒಳಗೆ ತಳ್ಳಿ. ಎರಡು ತುದಿ ಸ್ವಲ್ಪ ಹೊರಗೆ ಉಳಿದಿರುವಾಗ ಸೂಜಿಯನ್ನು ಜೋರಾಗಿ ಎಳೆದುಬಿಡಿ. ಬಾಲ ಕತ್ತರಿಸಿ, ಗಾಳಿ ತುಂಬಿ, ಸೋಪಿನ ನೀರು ಹಾಕಿ ಗುಳ್ಳೆ ಬರುತ್ತಾ ನೋಡಿ. ತೋಳಿಗೆ ಕೆಲಸ, ತಲೆಗಲ್ಲ. ಒಂದು ಭಾನುವಾರ ಪರಿಚಯದ ಪಂಕ್ಚರ್ ಅಂಗಡಿಗೆ ಹೋಗಿ, ಎಸೆಯುವ ಹಳೇ ಟೈರಿನಲ್ಲಿ ಒಂದು ಸಲ ಹಾಕಿ ನೋಡಿ. ಕಷ್ಟಕಾಲದಲ್ಲಿ ಕೈ ನಡುಗುವುದಿಲ್ಲ. ಊರಿಗೆ ಬಂದ ಮೇಲೆ ಟೈರ್ ಬಿಚ್ಚಿಸಿ ಒಳಗಿನಿಂದ ಪ್ಯಾಚ್ ಹಾಕಿಸುವುದು ಒಳ್ಳೆಯದು.

ಇದೆಲ್ಲ ನೆಲ ಮುಟ್ಟುವ ಭಾಗಕ್ಕೆ, ಅದೂ ಸುಮಾರು 6 ಮಿಲಿಮೀಟರಿನೊಳಗಿನ ತೂತಿಗೆ ಮಾತ್ರ. ಪಕ್ಕೆ ಹರಿದರೆ, ಉಬ್ಬು ಬಂದರೆ, ರಿಮ್ಮು ಸೊಟ್ಟಗಾದರೆ ಹುರಿಯೂ ಇಲ್ಲ, ಬಾಟಲಿಯೂ ಇಲ್ಲ. ಟೈರ್ ಪೂರ್ತಿ ಚಪ್ಪಟೆಯಾಗಿ ರಿಮ್ಮಿನಿಂದ ಅಂಚು ಬಿಟ್ಟುಕೊಂಡಿದ್ದರೆ ಪುಟ್ಟ ಕಂಪ್ರೆಸರ್ ಎಷ್ಟು ಊದಿದರೂ ಗಾಳಿ ನಿಲ್ಲುವುದಿಲ್ಲ. ಜಾಕಿ ಕೊಟ್ಟು ಚಕ್ರದ ಮೇಲಿನ ಭಾರ ಇಳಿಸಿದರೆ ಕೆಲವು ಸಲ ಹಿಡಿಯುತ್ತದೆ, ಕೆಲವು ಸಲ ಇಲ್ಲ.

ಈಗ ನೀವು ಕೇಳಿದ ಬಾಟಲಿ. ಎರಡು ಥರ ಸಿಗುತ್ತದೆ. ವಾಲ್ವಿನಿಂದ ಒಳಗೆ ಹಿಂಡುವ ಗಟ್ಟಿ ದ್ರವ ಒಂದು. ಹೇರ್ ಸ್ಪ್ರೇ ಥರ ಒತ್ತಿದರೆ ನೊರೆಯೂ ಗಾಳಿಯೂ ಒಟ್ಟಿಗೇ ನುಗ್ಗುವ ಡಬ್ಬಿ ಇನ್ನೊಂದು. ಡಬ್ಬಿ ನಿಮ್ಮ ಕಾರಿನಲ್ಲಿ ಬೇಡವೇ ಬೇಡ. ಅಂಥ ಎಷ್ಟೋ ಡಬ್ಬಿಗಳಲ್ಲಿ ನೊರೆಯನ್ನು ತಳ್ಳುವುದು ಪ್ರೊಪೇನ್, ಬ್ಯೂಟೇನ್‌ಗಳೇ, ಅಂದರೆ ನಿಮ್ಮ ಟ್ಯಾಂಕಿನಲ್ಲಿರುವ ಎಲ್‌ಪಿಜಿಯೇ. ನಿಮ್ಮ ಟ್ಯಾಂಕ್ ದಪ್ಪ ಉಕ್ಕಿನದು, ಬಿಸಿಲಿಗೆ ಒಳಗಿನ ದ್ರವ ಹಿಗ್ಗಲಿ ಅಂತಲೇ 80 ಪರ್ಸೆಂಟ್ ಮಾತ್ರ ತುಂಬಲು ಬಿಡುವ ವಾಲ್ವ್ ಇದೆ. ತಗಡಿನ ಡಬ್ಬಿಗೆ ಆ ಭಾಗ್ಯವಿಲ್ಲ. 50 ಡಿಗ್ರಿ ಮೀರಿದ ಜಾಗದಲ್ಲಿ ಇಡಬೇಡಿ ಅಂತ ಅದರ ಮೇಲೇ ಬರೆದಿರುತ್ತದೆ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೆ ಅಷ್ಟು ಬಿಸಿಯಾಗುವುದು ದೊಡ್ಡ ಮಾತಲ್ಲ.

ದ್ರವದ ಬಾಟಲಿ ಇರಲಿ, ಆದರೆ ಕೊನೆಯ ಅಸ್ತ್ರವಾಗಿ. ಮಳೆ, ರಾತ್ರಿ, ಜೊತೆಯಲ್ಲಿ ಚಿಕ್ಕ ಮಕ್ಕಳು, ಮೊಳೆ ಎಲ್ಲಿದೆ ಅಂತ ಕಾಣುತ್ತಿಲ್ಲ. ಅಂಥ ಹೊತ್ತಿಗೆ ಅದು. ಹಾಕಿದ ಮೇಲೆ ಪಂಕ್ಚರ್ ಅಂಗಡಿಯವರಿಗೆ ಮೊದಲೇ ಹೇಳಿ. ಟೈರ್ ಬಿಚ್ಚಿದಾಗ ಒಳಗೆಲ್ಲ ಪಾಯಸದ ಥರ ಮೆತ್ತಿರುತ್ತದೆ. ತೊಳೆದು ಒಣಗಿಸದೆ ಪ್ಯಾಚ್ ಅಂಟುವುದಿಲ್ಲ, ಅವರು ಬೈದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಹಾಕುವ ಮೊದಲು ಟಿಪಿಎಂಎಸ್ ಸೆನ್ಸರ್ ಬಿಚ್ಚಿಡುವುದನ್ನೂ ಮರೆಯಬೇಡಿ.

ಜಾಕಿಯ ಬಗ್ಗೆ ಒಂದು ಮಾತು. ವಡೆ ಟ್ಯಾಂಕಿನ ನಡುವೆ ವಾಲ್ವುಗಳ ಡಬ್ಬಿ ಇದೆ. ಅಲ್ಲಿ ಸೋರಿದ ಗ್ಯಾಸ್ ಹೊರಹೋಗಲಿ ಅಂತ ಕಾರಿನ ಅಡಿಗೆ ಪೈಪ್ ಬಿಟ್ಟಿರುತ್ತಾರೆ, ಗ್ಯಾಸಿನ ಲೈನೂ ಅಡಿಯಲ್ಲೇ ಹೋಗಿರುತ್ತದೆ. ಹಿಂದಿನ ಚಕ್ರ ಎತ್ತುವಾಗ ಕೈಗೆ ಸಿಕ್ಕ ಕಡೆ ಜಾಕಿ ಕೊಡಬೇಡಿ. ಬಾಗಿಲ ಕೆಳಗಿನ ಅಂಚಿನಲ್ಲಿ ಕಂಪನಿ ಗುರುತು ಮಾಡಿದ ಜಾಗ ಮಾತ್ರ. ಡಿಕ್ಕಿ ತೆಗೆದಾಗ ಗ್ಯಾಸ್ ವಾಸನೆ ಬಂದರೆ ಪಂಕ್ಚರ್ ಕೆಲಸ ಆಮೇಲೆ. ಎಂಜಿನ್ ಆಫ್ ಮಾಡಿ, ಟ್ಯಾಂಕಿನ ವಾಲ್ವ್ ಮುಚ್ಚಿ, ಎಲ್ಲರನ್ನೂ ದೂರ ಕಳಿಸಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದ ಮೇಲೇ ಹರಡಿ ನಿಲ್ಲುತ್ತದೆ. ಸಾಕೆಟ್ಟಿಗೆ ಕಂಪ್ರೆಸರ್ ಚುಚ್ಚುವ ಒಂದು ಕಿಡಿ ಸಾಕು.

ಇನ್ನು ಹೊರನಾಡು. ಹಾಸನದವರೆಗೆ ನಾನು ಚಿಂತೆ ಮಾಡುವುದಿಲ್ಲ. ದಾರಿಯುದ್ದಕ್ಕೂ ಅಂಗಡಿಗಳಿವೆ, ರಾಷ್ಟ್ರೀಯ ಹೆದ್ದಾರಿಯಲ್ಲಿ 1033ಕ್ಕೆ ಫೋನ್ ಮಾಡಿದರೆ ಸಹಾಯಕ್ಕೆ ಬರುತ್ತಾರೆ. ಚಿಕ್ಕಮಗಳೂರು ದಾಟಿ ಕಾಫಿ ತೋಟಗಳ ನಡುವೆ ಇಳಿದ ಮೇಲೆ ಕಥೆ ಬೇರೆ. ಕಳಸ, ಹೊರನಾಡು ಕಡೆ ಎಷ್ಟೋ ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ಲೇ ಇರುವುದಿಲ್ಲ. ಎದುರಿಗೆ ಬಸ್ ಬಂದರೆ ಕಾರನ್ನು ರಸ್ತೆಯಂಚಿನಿಂದ ಕೆಳಗಿಳಿಸಬೇಕು. ಡಾಂಬರಿನ ಅಂಚು ಅಲ್ಲಿ ಕತ್ತಿಯ ಹಾಗಿರುತ್ತದೆ. ಪಕ್ಕೆ ಹರಿಯುವುದು ಹೀಗೇ. ಮೊಳೆಗೆ ಮದ್ದಿದೆ, ಇದಕ್ಕೆ ಸ್ಟೆಪ್ನಿಯೊಂದೇ ಮದ್ದು.

ಇಡುವುದೆಲ್ಲಿ? ಟ್ಯಾಂಕಿನ ಮೇಲೆ ಡಿಕ್ಕಿಯ ಹಲಗೆ ಇದೆಯಲ್ಲ, ಅದರ ಮೇಲೆ ಮಲಗಿಸಿ. ಹಲಗೆಯ ಭಾರ ಡಿಕ್ಕಿಯ ನೆಲದ ಅಂಚಿನ ಮೇಲೆ ಕೂರಬೇಕು, ವಾಲ್ವ್ ಡಬ್ಬಿಯ ಮೇಲಲ್ಲ. ಬೇಕಾದರೆ ದಪ್ಪ ಪ್ಲೈವುಡ್ ಕತ್ತರಿಸಿ ಹಾಕಿಸಿ. ಚಕ್ರದ ನಡುವಿನ ತೂತಿನಿಂದ ಲಗೇಜ್ ಬೆಲ್ಟ್ ತೂರಿಸಿ ಡಿಕ್ಕಿಯ ಕೊಕ್ಕೆಗೆ ಬಿಗಿಯಿರಿ. ಹದಿನಾಲ್ಕು ಹದಿನೈದು ಕೆ.ಜಿ.ಯ ಚಕ್ರ ಸುಮ್ನೆ ಬಿದ್ದಿದ್ದರೆ, ಜೋರು ಬ್ರೇಕ್ ಹಾಕಿದಾಗ ಹಿಂದಿನ ಸೀಟಿನವರ ಬೆನ್ನಿಗೆ ಬರುತ್ತದೆ. ಬಟ್ಟೆ ಬ್ಯಾಗುಗಳನ್ನು ಅದರ ಸುತ್ತ ತುರುಕಿ. ಮಿಕ್ಕಿದ್ದಕ್ಕೆ ರೂಫ್ ಕ್ಯಾರಿಯರ್ ಇದ್ದರೆ ಬಟ್ಟೆಯಂಥ ಹಗುರದ್ದು ಮೇಲೆ ಹೋಗಲಿ, ಸ್ಟೆಪ್ನಿಯಲ್ಲ. ಕಾರಿನ ಅಡಿಗೆ ಕಬ್ಬಿಣದ ಪಂಜರ ಬೆಸುಗೆ ಹಾಕಿ ಸ್ಟೆಪ್ನಿ ನೇತುಹಾಕಿಕೊಡುತ್ತೇವೆ ಅನ್ನುವವರು ಸಿಗುತ್ತಾರೆ. ಬೇಡ. ಗ್ಯಾಸ್ ಟ್ಯಾಂಕಿನ ಹತ್ತಿರ ವೆಲ್ಡಿಂಗ್ ಮಾಡಿಸುವ ಯೋಚನೆಯೇ ತಪ್ಪು.

ತೀರಾ ಜಾಗ ಸಾಲದು ಅಂದರೆ ಸಣಕಲು ಸ್ಪೇಸ್ ಸೇವರ್ ಚಕ್ರ ಹುಡುಕಬಹುದು. ಎದುರುಬದುರು ಬೋಲ್ಟುಗಳ ಅಂತರ ಸರಿಹೊಂದಬೇಕು. ನಾಲ್ಕೇ ಬೋಲ್ಟಿದ್ದರೂ ಕೆಲವು ಕಾರಿಗೆ ಅದು 100 ಮಿಲಿಮೀಟರ್, ಕೆಲವಕ್ಕೆ 114.3. ಕಣ್ಣಳತೆಯಲ್ಲಿ ಗೊತ್ತಾಗುವುದಿಲ್ಲ, ಹಾಕಿಸಿ ನೋಡಿಯೇ ಕೊಳ್ಳಿ. ಅಂಥ ಚಕ್ರದಲ್ಲಿ 80 ಕಿಲೋಮೀಟರ್ ವೇಗ ಮೀರುವ ಹಾಗಿಲ್ಲ. ಮುಂದಿನ ಚಕ್ರ ಪಂಕ್ಚರ್ ಆದರೆ ಹಿಂದಿನ ಒಳ್ಳೇ ಚಕ್ರವನ್ನು ಮುಂದಕ್ಕೆ ಹಾಕಿ, ಸಣಕಲನ್ನು ಹಿಂದಕ್ಕೆ ಹಾಕಿ. ಎರಡು ಸಲ ಜಾಕಿ ಏರಿಸುವ ಕೆಲಸ, ಆದರೆ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳಿಂದ ಅಲ್ವಾ.

ಹೊರಡುವ ವಾರ ಅಟ್ಟದಿಂದ ಸ್ಟೆಪ್ನಿ ಇಳಿಸಿ ಗಾಳಿ ನೋಡಿ. ವರ್ಷದಿಂದ ಮುಟ್ಟಿಲ್ಲದಿದ್ದರೆ ಅರ್ಧ ಇಳಿದಿರುತ್ತದೆ. ಟೈರಿನ ಪಕ್ಕೆಯಲ್ಲಿ ಡಾಟ್ (DOT) ಅಂತ ಇಂಗ್ಲಿಷ್ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. 2314 ಅಂತಿದ್ದರೆ 2014ರ 23ನೇ ವಾರ ತಯಾರಾದದ್ದು. ಕಾರಿನ ಜೊತೆ ಬಂದ ಸ್ಟೆಪ್ನಿಯೇ ಆಗಿದ್ದರೆ, ಒಂದು ಸಲವೂ ನೆಲ ಮುಟ್ಟದಿದ್ದರೂ, ರಬ್ಬರಿಗೆ ವಯಸ್ಸಾಗಿದೆ. ದಾರಿಯಲ್ಲಿ ಅಂಗಡಿ ಸಿಗುವವರೆಗೆ ನಿಧಾನಕ್ಕೆ ಓಡಿಸಲು ಸರಿ, ಅಲ್ಲಿಂದ ಬೆಂಗಳೂರಿಗೆ ವಾಪಸ್ ಬರಲು ಅಲ್ಲ.

ಇನ್ನೊಂದು ಕೆಲಸ, ಇದನ್ನು ಮನೆ ಮುಂದೆಯೇ ಮಾಡಿ. ಕಾರಿನಲ್ಲಿರುವ ಸ್ಪ್ಯಾನರ್ ಹಿಡಿದು ನಾಲ್ಕೂ ಚಕ್ರದ ಒಂದೊಂದು ನಟ್ ಸಡಿಲ ಮಾಡಲು ನೋಡಿ, ಸಡಿಲವಾದರೆ ಮತ್ತೆ ಬಿಗಿ ಮಾಡಿ. ಅಂಗಡಿಗಳಲ್ಲಿ ಗಾಳಿ ಗನ್ ಹಿಡಿದು ಬಿಗಿದ ನಟ್ಟು ಎಷ್ಟೋ ಸಲ ಕಾರಿನ ಗಿಡ್ಡ ಸ್ಪ್ಯಾನರಿಗೆ ಬಗ್ಗುವುದೇ ಇಲ್ಲ. ಮೇಲೆ ಹತ್ತಿ ನಿಂತರೂ ಅಲುಗದಿದ್ದರೆ ಅದೇ ಅಂಗಡಿಗೆ ಹೋಗಿ, ಎಲ್ಲಾ ನಟ್ ಸಡಿಲ ಮಾಡಿಸಿ, ನಿಮ್ಮ ಕಣ್ಣೆದುರಿಗೇ ಕೈ ಸ್ಪ್ಯಾನರಿನಲ್ಲಿ ಬಿಗಿಸಿಕೊಳ್ಳಿ. ಹಾಗೇ ಎರಡಡಿಯ ಕಬ್ಬಿಣದ ಪೈಪೊಂದನ್ನು ಸ್ಪ್ಯಾನರಿನ ಹಿಡಿಕೆಗೆ ತೂರುವ ಅಳತೆ ನೋಡಿ ತನ್ನಿ. ಗುಜರಿ ಅಂಗಡಿಯಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ, ಹಿಂದಿನ ಸೀಟಿನ ಕೆಳಗೆ ಮಲಗಿರುತ್ತದೆ.